ಅಂಗಳದ ಹುಲ್ಲಿನ ಪುಟ್ಟ ನೀಲಿ ಚಿಟ್ಟೆ ಯಾವುದು?

ಪ್ರಶ್ನೆ: ಮೈಸೂರಿನ ನಮ್ಮ ಅಂಗಳದಲ್ಲಿ ತೆಗೆದ ಎರಡು ಚಿತ್ರಗಳನ್ನು ಹಾಕಿದ್ದೇನೆ. ಒಂದರಲ್ಲಿ ಗಂಡು ಚಿಟ್ಟೆ ರೆಕ್ಕೆ ಬಿಚ್ಚಿದೆ, ಇನ್ನೊಂದರಲ್ಲಿ ಅದೇ ಚಿಟ್ಟೆ ರೆಕ್ಕೆ ಮಡಚಿ ಕುಳಿತಿದೆ. ಹಿಂರೆಕ್ಕೆಗೆ ಬಾಲವಿಲ್ಲ. ಇದು ಪೇಲ್ ಗ್ರಾಸ್ ಬ್ಲೂ ಚಿಟ್ಟೆಯೋ, ಲೆಸ್ಸರ್ ಗ್ರಾಸ್ ಬ್ಲೂ ಚಿಟ್ಟೆಯೋ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮೊದಲು ಮಡಚಿದ ರೆಕ್ಕೆಯನ್ನೇ ನೋಡಬೇಕು, ಏಕೆಂದರೆ ಮೇಲ್ಮೈಯ ನೀಲಿ ಬಣ್ಣವು ಋತುವಿಗೂ ಬೆಳಕಿಗೂ ತಕ್ಕಂತೆ ಬೇರೆಯಾಗಿ ಕಾಣುತ್ತದೆ. ನಿಮ್ಮ ಎರಡನೆಯ ಚಿತ್ರವನ್ನು ಹಿಗ್ಗಿಸಿದರೆ, ಮುಂರೆಕ್ಕೆಯ ನಡುವಿನ ಕಿರುಗೆರೆಗೂ ರೆಕ್ಕೆಯ ಬುಡಕ್ಕೂ ಮಧ್ಯೆ, ಬಿಳಿ ಅಂಚಿರುವ ಒಂಟಿ ಕಪ್ಪು ಚುಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಈ ಚುಕ್ಕೆ ಪೇಲ್ ಮತ್ತು ಡಾರ್ಕ್ ಗ್ರಾಸ್ ಬ್ಲೂಗಳಲ್ಲಿ ಇರುತ್ತದೆ, ಲೆಸ್ಸರ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಲೆಸ್ಸರ್ ಅನ್ನು ಧೈರ್ಯವಾಗಿ ಕೈಬಿಡಬಹುದು.

ಉತ್ತರ 2: ಮೇಲಿನ ಮಾತು ಸರಿಯಾಗಿದೆ. ಡಾರ್ಕ್ ಗಂಡಿನ ಮೇಲ್ಮೈ ನೇರಳೆ ಬೆರೆತ ಗಾಢ ನೀಲಿ. ನಿಮ್ಮದು ಬೆಳ್ಳಿ ಹೊಳಪಿನ ತಿಳಿನೀಲಿಯಾಗಿರುವುದರಿಂದ ಪೇಲ್ ಎಂದೇ ನನ್ನ ಅಭಿಪ್ರಾಯ. ಅಂಗಳದಲ್ಲಿ ಪುಳ್ಳಂಪುರಚಿ ಸೊಪ್ಪು ಇದೆಯೇ ಎಂದು ಗಮನಿಸಿ, ಇದರ ಮರಿಹುಳುಗಳು ಹೆಚ್ಚಾಗಿ ಅದನ್ನು ತಿನ್ನುತ್ತವೆ. ಮುಂದೆ ಚಿತ್ರ ತೆಗೆಯುವಾಗ ಕ್ಯಾಮೆರಾವನ್ನು ಮಡಚಿದ ರೆಕ್ಕೆಗೆ ನೇರವಾಗಿ ಹಿಡಿಯಿರಿ. ಮುಂರೆಕ್ಕೆ ಹಿಂರೆಕ್ಕೆಯ ಮರೆಗೆ ಸರಿದಿದ್ದರೆ ಆ ಮುಖ್ಯವಾದ ಚುಕ್ಕೆಯೇ ಕಾಣಿಸದು.