ಗಾಣದ ಎಣ್ಣೆ ವೆಬ್‌ಸೈಟಿಗೆ ಕೀವರ್ಡ್ ಎಷ್ಟು ಸಲ ಹಾಕ್ಬೇಕು?

ಗಾಣದಮನೆ
ಎಲ್ರಿಗೂ ನಮಸ್ಕಾರ. ಚಳ್ಳಕೆರೆ ಹತ್ರ ನಮ್ದೊಂದು ಮರದ ಗಾಣ ಇದೆ, ನಾನು ನಮ್ಮನೆಯವ್ರು ಇಬ್ರೇ ನೋಡ್ಕೊಳೋದು, ಶೇಂಗಾ ಎಣ್ಣೆ ಜಾಸ್ತಿ, ಜೊತೆಗೆ ಕೊಬ್ಬರಿ, ಕುಸುಬೆ, ಎಳ್ಳು. ಹೋದ ವರ್ಷ ಒಬ್ರಿಗೆ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದ್ವಿ. ಅವ್ರು ಎಸ್‌ಇಒ (ಗೂಗಲಲ್ಲಿ ಹುಡುಕಿದ್ರೆ ಸೈಟ್ ಮೇಲೆ ಬರೋ ಹಂಗೆ ಮಾಡೋ ಕೆಲಸ) ಎಲ್ಲಾ ಮಾಡಿದೀನಿ ಅಂತ ಹೇಳಿ ಮೊದಲ್ನೇ ಪೇಜಲ್ಲಿ ಹಿಂಗೆ ಬರೆದಿದಾರೆ: "ಶುದ್ಧ ಗಾಣದ ಎಣ್ಣೆ ಬೇಕೇ? ನಮ್ಮ ಶುದ್ಧ ಗಾಣದ ಎಣ್ಣೆ ಅತ್ಯುತ್ತಮ ಗಾಣದ ಎಣ್ಣೆ. ಗಾಣದ ಎಣ್ಣೆ ಬೆಲೆಗೆ ಗಾಣದ ಎಣ್ಣೆ ಪೇಜ್ ನೋಡಿ." ನಾನೇ ಕೂತು ಎಣಿಸ್ದೆ, ಒಂದೇ ಪೇಜಲ್ಲಿ 46 ಸಲ ಇದೆ. ಕೀವರ್ಡ್ ಅಂದ್ರೆ ಜನ ಹುಡುಕೋ ಪದ ಅಂತೆ, ಮೆಟಾ ಕೀವರ್ಡ್ ಅಂತ ಓದೋರಿಗೆ ಕಾಣದ ಇನ್ನೊಂದು ಜಾಗದಲ್ಲೂ ರಾಶಿ ಪದ ತುಂಬಿದಾರಂತೆ. ಎಂಟು ತಿಂಗ್ಳಾಯ್ತು, ಗೂಗಲಲ್ಲಿ ನೋಡಿ ಫೋನ್ ಮಾಡಿದೀವಿ ಅಂದೋರು ಇಬ್ರೋ ಮೂವರೋ ಅಷ್ಟೇ. ಒಂದ್ಸಲ ಎಣ್ಣೆ ತಗೊಂಡೋರು ಮತ್ತೆ ಕೇಳ್ತಾರೆ, ಹುಡುಕೋರಿಗೆ ನಾವು ಸಿಗ್ತಾ ಇಲ್ವಲ್ಲ ಅನ್ನೋದೇ ಸಂಕಟ. ನೂರು ಪದಕ್ಕೆ ಇಷ್ಟು ಸಲ ಅಂತ ಏನಾದ್ರೂ ಲೆಕ್ಕ ಇದೆಯಾ, ಗೊತ್ತಿರೋರು ಹೇಳಿ.

ಬೆಂದಕಾಳು
ಮೇಡಂ, ಅಂಥ ಲೆಕ್ಕ ಯಾವ್ದೂ ಇಲ್ಲ, ಯಾರಾದ್ರೂ ಪರ್ಸೆಂಟ್ ಹೇಳಿದ್ರೆ ನಂಬಬೇಡಿ. ನಾನು ಇದೇ ಕೆಲಸ ಮಾಡ್ತೀನಿ ಹಂಗಾಗಿ ಗಟ್ಟಿಯಾಗಿ ಹೇಳ್ತಿದೀನಿ. ಮೆಟಾ ಕೀವರ್ಡ್‌ನ ರ‍್ಯಾಂಕಿಂಗ್‌ಗೆ ಬಳಸೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ, ಅದಕ್ಕೆ ಪಟ್ಟ ಶ್ರಮ ಎಲ್ಲ ದಂಡ. ಒಂದೇ ಪದ 46 ಸಲ ತುರುಕೋದು ಅದಕ್ಕಿಂತ ಕೆಟ್ಟದ್ದು, ಕೀವರ್ಡ್ ಸ್ಟಫಿಂಗ್ ಅಂತ ಗೂಗಲ್ ಅದನ್ನ ಸ್ಪ್ಯಾಮ್ ಪಟ್ಟಿಗೇ ಸೇರಿಸಿದೆ, ಪೇಜ್ ಕೆಳಗೆ ಹೋಗ್ಬೋದು, ಕೆಲವು ಸಲ ಕಾಣಿಸದೇನೂ ಹೋಗ್ಬೋದು. ಇನ್ನೊಂದು ಚೆಕ್ ಮಾಡಿ, ಪೇಜ್ ತೆರೆದು ಕಂಟ್ರೋಲ್ ಎ ಒತ್ತಿ, ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರ ಏನಾದ್ರೂ ಇದ್ರೆ ಎದ್ದು ಕಾಣುತ್ತೆ, ಇದ್ರೆ ಇವತ್ತೇ ತೆಗೆಸಿ.

ಹಂಗಂತ ಕೀವರ್ಡ್ ಬೇಡ್ವೇ ಬೇಡ ಅಂತಲ್ಲ. ಪೇಜಿನ ಟೈಟಲ್, ದೊಡ್ಡ ಹೆಡಿಂಗ್, ಮೊದಲ ಒಂದೆರಡು ಸಾಲು, ಫೋಟೋದ ಆಲ್ಟ್ ಟೆಕ್ಸ್ಟ್ (ಫೋಟೋದಲ್ಲಿ ಏನಿದೆ ಅಂತ ಕೋಡಲ್ಲಿ ಬರೆಯೋ ವಿವರಣೆ), ಈ ಜಾಗಗಳಲ್ಲಿ ಸಹಜವಾಗಿ ಬಂದ್ರೆ ಸಾಕು. ಮುಖ್ಯವಾಗಿ ಎಲ್ಲಾ ಎಣ್ಣೆ ಒಂದೇ ಪೇಜಲ್ಲಿ ಇಡಬೇಡಿ, ಕುಸುಬೆ ಎಣ್ಣೆ ಹುಡುಕೋರು ಬೇರೆ, ಮಗು ಮೈಗೆ ಹಚ್ಚೋಕೆ ಕೊಬ್ಬರಿ ಎಣ್ಣೆ ಹುಡುಕೋರು ಬೇರೆ, ಒಂದೊಂದಕ್ಕೂ ಒಂದೊಂದು ಪೇಜ್ ಮಾಡಿ.

ಸಾಧನಕೇರಿ_ಹುಡುಗ
ಅಕ್ಕಾರ, ಒಂದ್ ಮಾತ್ ಕೇಳ್ತೀನಿ. ನಿಮ್ ಕಡೆನೂ ನಮ್ ಕಡೆನೂ ಶೇಂಗಾ ಅಂತೀವಿ, ಬೆಂಗಳೂರು ಮೈಸೂರ್ ಮಂದಿ ಏನಂತಾರ್ರಿ? ಕಡಲೆಕಾಯಿ. ನಿಮ್ ಪೇಜಿನ್ಯಾಗ ಕಡಲೆಕಾಯಿ ಎಣ್ಣೆ ಅನ್ನೂದು ಒಂದ್ ಸಲನಾದ್ರೂ ಐತೇನ್ರಿ? ಇಲ್ಲಂದ್ರ ಅವ್ರು ಹುಡುಕಿದ್ರ ನೀವು ಸಿಗೂದು ಕಷ್ಟ ಐತ್ರಿ. ಗೂಗಲ್ ಈಗ ಅರ್ಥ ಹಿಡಿತೈತಿ ಖರೆ, ಆದ್ರ ಕನ್ನಡದ ಊರೂರಿನ ಮಾತೆಲ್ಲಾ ಅದಕ್ಕ ಬಿಟ್ಟು ಕುಂಡ್ರಬ್ಯಾಡ್ರಿ. ಅದಕ್ಕ 46 ಸಲ ಗಾಣದ ಎಣ್ಣೆ ಅನ್ನೂಕಿಂತ ಶೇಂಗಾ ಎಣ್ಣೆ ಒಂದೆರಡ್ ಸಲ, ಕಡಲೆಕಾಯಿ ಎಣ್ಣೆ ಒಂದೆರಡ್ ಸಲ, ಮರದ ಗಾಣ ಒಂದ್ ಸಲ ಬರ್ಲಿ. ಫೋನ್ ಮಾಡಿದವ್ರು ಮೊದಲ್ನೇ ವಾಕ್ಯದಾಗ ಏನ್ ಕೇಳ್ತಾರ ಅನ್ನೂದನ್ನ ಒಂದ್ ವಹಿಯೊಳಗ ಹಂಗ ಬರ್ಕೊಳ್ರಿ, ಅವ್ರು ಆಡಿದ್ದ ಶಬ್ದನ ನಿಮ್ ಕೀವರ್ಡ್.

ಗಾಣದಮನೆ
ಇಬ್ರಿಗೂ ತುಂಬಾ ಥ್ಯಾಂಕ್ಸ್. ಕಂಟ್ರೋಲ್ ಎ ಒತ್ತಿ ನೋಡ್ದೆ, ಕೆಳಗಡೆ ಬಿಳಿ ಅಕ್ಷರದಲ್ಲಿ ಹತ್ತಾರು ಊರಿನ ಹೆಸರು ಸಾಲಾಗಿ ಇದೆ, ನಾವು ಎಣ್ಣೆ ಕಳಿಸದೇ ಇರೋ ಊರುಗಳೂ ಇವೆ, ನೋಡಿ ಬೇಜಾರಾಯ್ತು. ಕಡಲೆಕಾಯಿ ಅನ್ನೋ ಪದ ಎಲ್ಲೂ ಇಲ್ಲ! ಫೋನಲ್ಲಿ ಜನ ಕೇಳೋದು ಮೂರೇ ಮಾತು: ಲೀಟರ್ ಎಷ್ಟು, ಎಷ್ಟು ತಿಂಗ್ಳು ಇಡ್ಬೋದು, ತಳದಲ್ಲಿ ಗಸಿ ಕೂತಿದೆ ಕೆಟ್ಟೋಗಿದೆಯಾ. ಈ ಮೂರಕ್ಕೂ ನಮ್ಮ ಸೈಟಲ್ಲಿ ಉತ್ತರ ಇಲ್ಲ.

ಕುಡ್ಲದಿಂದ
ಗಸಿಯ ಪ್ರಶ್ನೆ ಉಂಟಲ್ಲ ಮೇಡಂ, ಅದೇ ಒಂದು ಒಳ್ಳೆ ಪೇಜ್. "ಗಾಣದ ಎಣ್ಣೆಯ ತಳದಲ್ಲಿ ಗಸಿ ಯಾಕೆ ಕೂರುತ್ತದೆ" ಅಂತ ಅದೇ ಟೈಟಲ್ ಕೊಟ್ಟು ಬರೆಯಿರಿ. ನಮ್ಮಲ್ಲಿ ಕೆಲವರು ನೆಲಗಡಲೆ ಎಣ್ಣೆ ಅಂತಲೂ ಹೇಳ್ತಾರೆ, ಕೊಬ್ಬರಿ ಎಣ್ಣೆಗೆ ತೆಂಗಿನೆಣ್ಣೆ ಅಂತಾರೆ, ಅದೂ ಒಮ್ಮೆ ಬರಲಿ. ಮತ್ತೊಂದು, ಬೆಲೆಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿ ಫೋಟೋ ಮಾಡಿ ಹಾಕಿದ್ದಾರಾ ನೋಡಿ. ನಮ್ಮ ಸಂಘದ ಸೈಟಿನಲ್ಲಿ ಹಾಗೇ ಆಗಿತ್ತು, ಕಣ್ಣಿಗೆ ಚಂದ ಕಾಣ್ತದೆ, ಆದರೆ ಬೆರಳಿಟ್ಟು ಒತ್ತಿ ಹಿಡಿದರೆ ಒಂದು ಅಕ್ಷರವೂ ಸೆಲೆಕ್ಟ್ ಆಗುವುದಿಲ್ಲ, ಸರ್ಚ್ ಎಂಜಿನ್‌ಗೆ ಅದು ಬರೀ ಚಿತ್ರ. ಯುನಿಕೋಡ್‌ನಲ್ಲಿ, ಅಂದರೆ ಮೊಬೈಲಿನಲ್ಲಿ ಟೈಪ್ ಮಾಡುವಂಥ ಅಕ್ಷರದಲ್ಲಿ, ಪುನಃ ಟೈಪ್ ಮಾಡಿಸ್ಬೇಕು ಮಾರಾಯ್ರೆ.

ಬೆಂದಕಾಳು
ಇದು ನಂಗೆ ಹೊಳೆದೇ ಇರ್ಲಿಲ್ಲ, ಒಳ್ಳೇ ಪಾಯಿಂಟ್. ಮೇಡಂ, ಗೂಗಲ್ ಸರ್ಚ್ ಕನ್ಸೋಲ್‌ಗೂ ಸೈಟ್ ಸೇರಿಸ್ಬಿಡಿ, ಫ್ರೀ ಅದು. ಜನ ಏನ್ ಟೈಪ್ ಮಾಡಿದಾಗ ನಿಮ್ಮ ಪೇಜ್ ಕಾಣಿಸ್ತು, ಎಷ್ಟು ಜನ ಒತ್ತಿದ್ರು ಅಂತ ಅದ್ರಲ್ಲಿ ಬರುತ್ತೆ, 16 ತಿಂಗಳವರೆಗಿನ ಲೆಕ್ಕ ಇರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕೋರೂ ಇರ್ತಾರೆ, ಅದೂ ಅಲ್ಲೇ ಗೊತ್ತಾಗುತ್ತೆ.

ಗಾಣದಮನೆ
ಬೆಲೆಪಟ್ಟಿ ಫೋಟೋನೇ ಹೌದು! ನಿನ್ನೆ ರಾತ್ರಿ ಕೂತು ಶೇಂಗಾ ಪೇಜಿಗೆ ನಾನೇ ಬರೆದೆ, ನೋಡಿ ಹೇಳಿ:

"ಚಳ್ಳಕೆರೆ ಸುತ್ತಿನ ರೈತರ ಶೇಂಗಾ ಬೀಜವನ್ನು ಮರದ ಗಾಣಕ್ಕೆ ಹಾಕಿ ತೆಗೆದ ಕಡಲೆಕಾಯಿ ಎಣ್ಣೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು, ಬೆಲೆ ಜಾಸ್ತಿ ಇರೋದು ಅದಕ್ಕೇ. ತೆಗೆದ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಮೂರು ದಿನ ಅಲ್ಲಾಡಿಸದೆ ಬಿಟ್ಟು ಮೇಲಿನ ತಿಳಿ ಮಾತ್ರ ತುಂಬುತ್ತೇವೆ. ಆಮೇಲೂ ತಳದಲ್ಲಿ ಸ್ವಲ್ಪ ಗಸಿ ಕೂರಬಹುದು, ಅದು ಬೀಜದ್ದೇ ಪುಡಿ."

ಸಾಧನಕೇರಿ_ಹುಡುಗ
ಭಾಳ ಚಲೋ ಆಗೇತ್ರಿ ಅಕ್ಕಾರ, ಎಲ್ಲಾ ಶಬ್ದ ತಾನ ಬಂದಾವು ನೋಡ್ರಿ. ಇದರ ಕೆಳಗ ಲೀಟರಿನ ರೇಟ್ ಅಷ್ಟ ಅಕ್ಷರದಾಗ ಬರದು ಹಾಕ್ರಿ. ಧಾರವಾಡಕ್ಕ ಕಳಸ್ತೀರೇನು? ನಮ್ ಅವ್ವಗ ಎರಡ್ ಲೀಟರ್ ಬೇಕಾಗೇತಿ.