ಅಪ್‌ಡೇಟ್: ನಕ್ಷತ್ರವಿರುವ ಹತ್ತು ರೂಪಾಯಿ ನೋಟು ಅಸಲಿಯೇ ಹೌದು

ತೀರಿಕೊಂಡ ತಂದೆಯವರ ಟ್ರಂಕಿನಲ್ಲಿ ಸಿಕ್ಕ ಹತ್ತು ರೂಪಾಯಿ ನೋಟಿನ ಕ್ರಮಸಂಖ್ಯೆಯ ನಡುವೆ ನಕ್ಷತ್ರವಿದೆ, ಇದು ನಕಲಿಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನೋಟು ಅಸಲಿಯೇ ಆಗಿದೆ. ಮುದ್ರಣದಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ನೂರು ನೋಟುಗಳ ಕಟ್ಟಿನಲ್ಲಿ ಇಂಥ ನೋಟನ್ನು ಸೇರಿಸುವ ಪದ್ಧತಿಯನ್ನು ರಿಸರ್ವ್ ಬ್ಯಾಂಕು 2006ರಲ್ಲಿ ಹತ್ತು, ಇಪ್ಪತ್ತು ಮತ್ತು ಐವತ್ತು ರೂಪಾಯಿಗಳ ನೋಟುಗಳಿಂದ ಆರಂಭಿಸಿತು. 2016ರಲ್ಲಿ ಹೊಸ ಐನೂರರ ನೋಟಿಗೂ ಅದು ಬಂತು.

ಭೂತಗನ್ನಡಿ ಹಿಡಿದು ನೋಡಿದಾಗ, ಮುಂಭಾಗದ ಮೂರು ಅಕ್ಷರಾಂಕಗಳಿಗೂ ಆರು ಅಂಕಿಗಳಿಗೂ ನಡುವೆ, ಅದೇ ಕೆಂಪು ಶಾಯಿಯಲ್ಲಿ ನಕ್ಷತ್ರವು ಸ್ಫುಟವಾಗಿ ಕಾಣಿಸಿತು. ಮಧ್ಯದ ಮಡಿಕೆ ಮಾತ್ರ ಆಳವಾಗಿದೆ. ಅದನ್ನು ಇಸ್ತ್ರಿ ಮಾಡಿ ಲ್ಯಾಮಿನೇಟ್ ಮಾಡಿಸಬೇಕೆಂದಿದ್ದ ನನ್ನನ್ನು ತಡೆದವರಿಗೆ ವಿಶೇಷವಾಗಿ ಋಣಿಯಾಗಿದ್ದೇನೆ, ಏಕೆಂದರೆ ಲ್ಯಾಮಿನೇಟ್ ಮಾಡಿದ ನೋಟಿಗೆ ಸಂಗ್ರಾಹಕರು ಬೆಲೆಯನ್ನೇ ಕೊಡುವುದಿಲ್ಲ ಮತ್ತು ಸಾಧಾರಣ ಪಿವಿಸಿ ಪ್ಲಾಸ್ಟಿಕ್ ಹಾಳೆಯೂ ಕಾಲಕ್ರಮೇಣ ಕಾಗದವನ್ನು ಕೆಡಿಸುತ್ತದೆ. ಈಗ ಅದು ಪಿವಿಸಿ ಇಲ್ಲದ ಪಾರದರ್ಶಕ ಲಕೋಟೆಯಲ್ಲಿದೆ.

ಬೆಲೆಯ ವಿಚಾರವೂ ಸ್ಪಷ್ಟವಾಯಿತು. ಇಂಥ ನೋಟುಗಳು ಚಲಾವಣೆಯಲ್ಲಿ ಸಾಕಷ್ಟಿರುವುದರಿಂದ ಬಳಸಿದ ನೋಟಿಗೆ ಹೆಚ್ಚೇನೂ ಸಿಗದು. ಶುಭವೆಂದು ಹಲವರು ನಂಬುವ 786 ಸಂಖ್ಯೆಯ ನೋಟಿಗೆ ಲಕ್ಷ ಕೊಡುತ್ತೇವೆಂದು ನನಗೆ ಕರೆ ಮಾಡಿ ಮುಂಗಡ ಶುಲ್ಕ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳುಹಿಸಲಿಲ್ಲ. ಹೇಗಿದ್ದರೂ ನಾನು ಈ ನೋಟನ್ನು ಮಾರುವವನಲ್ಲ. ಅಪ್ಪನ ಜನ್ಮದಿನಾಂಕವೇ ಆರು ಅಂಕಿಗಳಾಗಿ ಬರುವ ನೋಟೊಂದನ್ನು ಇದರ ಪಕ್ಕದಲ್ಲಿಡಬೇಕೆಂದು ಈಗ ಪ್ರತಿ ಚಿಲ್ಲರೆಯನ್ನೂ ನೋಡುತ್ತಿದ್ದೇನೆ.