ಕೌದಿಗೆ ಕೆಂಪು ಬಣ್ಣ ಹತ್ತಿದೆ, ಸಹಾಯ ಬೇಕು

ಅಕ್ಕಂದಿರೇ, ಕಲಬುರಗಿಯಿಂದ ಬರೆಯುತ್ತಿದ್ದೇನೆ. ಅವ್ವ ಈಗಿಲ್ಲ. ಅವಳ ಇಳಕಲ್ ಸೀರೆ, ಅಪ್ಪನ ಬಿಳಿ ಧೋತ್ರ ಸೇರಿಸಿ ಮೂರು ತಿಂಗಳು ಕೂತು ಕೈಯಲ್ಲೇ ಕೌದಿ ಹೊಲಿದೆ. ಅಂಚಿಗೆ ಬಟ್ಟೆ ಸಾಲಲಿಲ್ಲ. ಸಂತೆಯಲ್ಲಿ 40 ರೂಪಾಯಿಗೆ ಹಳೆ ಕೆಂಪು ಸೀರೆ ತಂದು, ತೊಳೆಯದೇ ಹಚ್ಚಿಬಿಟ್ಟೆ. ನಿನ್ನೆ ಮೊದಲ ಸಲ ನೀರಿಗೆ ಹಾಕಿದರೆ ಬಣ್ಣ ಬಿಟ್ಟು ಧೋತ್ರದ ತುಂಡುಗಳೆಲ್ಲ ಗುಲಾಬಿ ಆದವು. ಹೊಲಿಗೆಯ ಬಿಳಿ ದಾರವೂ ಕೆಂಪು ಹೀರಿದೆ.

ತಣ್ಣೀರಲ್ಲಿ ನಾಲ್ಕು ಸಲ ಜಾಲಿಸಿದೆ. ರಾತ್ರಿಯಿಡೀ ಉಪ್ಪು ನೀರಲ್ಲಿ ನೆನೆಸಿದೆ, ಏನೂ ಆಗಲಿಲ್ಲ. ಒಣಗಿದರೆ ಕಲೆ ಕೂತುಬಿಡುತ್ತೆ ಅಂತ ಇನ್ನೂ ಹಸಿಯಾಗೇ ಇಟ್ಟಿದ್ದೇನೆ. ಬ್ಲೀಚ್ ಹಾಕಿದರೆ ಅವ್ವನ ಸೀರೆಯ ರೇಷ್ಮೆ ಸೆರಗು ಹಾಳಾಗುತ್ತೆ, ಅಲ್ವಾ?

ಕೆಂಪು ಅಂಚು ಬಿಚ್ಚಿದ ಮೇಲೆಯೇ ತೊಳೆಯಬೇಕಾ? ರೇಷ್ಮೆ ಕೆಡದ ಹಾಗೆ ಧೋತ್ರದ ಬಣ್ಣ ತೆಗೆಯಲು ಏನು ಹಾಕಬೇಕು?